ಕಾಫಿ ಚೀಲಕ್ಕೆ ಬೆಲೆ ಕಟ್ಟುವವರು ಯಾರು?

ಫೆಬ್ರವರಿಯಲ್ಲಿ ಕೊಡಗಿನ ಗೋಣಿಕೊಪ್ಪದ ಯಾವುದಾದರೂ ಕಾಫಿ ಖರೀದಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ವ್ಯಾಪಾರಿ ಚೀಲದಿಂದ ಒಂದಷ್ಟು ಒಣ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ತೆಗೆದು ತೂಗುತ್ತಾರೆ. ಪುಟ್ಟ ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ಉಳಿದ ಬೀಜವನ್ನು ಮತ್ತೆ ತೂಕಕ್ಕಿಡುತ್ತಾರೆ. 50 ಕಿಲೋ ಚೆರಿಗೆ 27 ಕಿಲೋ ಬೀಜ ಸಿಗುತ್ತದೆ ಎಂದಾದರೆ ಔಟ್‌ಟರ್ನ್ 27. ಆಮೇಲೆ ತೇವಾಂಶದ ಮೀಟರು. ಔಟ್‌ಟರ್ನ್ ಒಂದು ಅಂಕಿ ಇಳಿದರೂ, ತೇವಾಂಶ ಹೆಚ್ಚಿದರೂ ಚೀಲದ ಬೆಲೆ ಇಳಿಯುತ್ತದೆ. ತಕ್ಕಡಿ, ಯಂತ್ರ, ಮೀಟರು ಮೂರೂ ಕೊಳ್ಳುವವರವೇ.

ಹಿಂದೆ ಬೆಳೆಗಾರರಿಗೆ ಈ ಚೌಕಾಸಿಯೂ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಕಾಫಿ ಕೇಳುವವರಿಲ್ಲದಾಯಿತು. 1942ರ ಕಾಫಿ ಕಾಯ್ದೆಯ ಅಡಿಯಲ್ಲಿ ಬೆಳೆಯನ್ನೆಲ್ಲ ಸರ್ಕಾರದ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಒಪ್ಪಿಸಬೇಕಾಯಿತು. ಮಂಡಳಿ ಹರಾಜು ಹಾಕಿ, ಹಣವನ್ನು ಕಂತುಗಳಲ್ಲಿ ಕೊಡುತ್ತಿತ್ತು. ಮುಳುಗುತ್ತಿದ್ದವರನ್ನು ಅದು ಉಳಿಸಿತು, ಇದನ್ನು ಮರೆಯಬಾರದು. ಆದರೆ ಯುದ್ಧ ಮುಗಿದು ದಶಕಗಳಾದರೂ, ತಾನು ಬೆಳೆದದ್ದನ್ನು ತಾನೇ ಮಾರುವ ಹಕ್ಕು ಕೊಡಗಿನ ಬೆಳೆಗಾರನಿಗೆ ಸಿಗಲಿಲ್ಲ.

1992ರಿಂದ ಹಿಡಿತ ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಪೂರ್ತಿ ಬಿಟ್ಟುಹೋಯಿತು. ಬ್ರೆಜಿಲ್‌ನಲ್ಲಿ 1994ರಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಬೆಳೆ ಹಾಳಾಗಿ ಬೆಲೆ ಜಿಗಿದಿದ್ದ ಕಾಲವದು. ಮುಕ್ತ ಮಾರುಕಟ್ಟೆ ವರವಾಗಿಯೇ ಕಂಡಿತು. ಐದಾರು ವರ್ಷಗಳಲ್ಲೇ ವಿಯೆಟ್ನಾಂನ ರೋಬಸ್ಟಾ ಜಾತಿಯ ಕಾಫಿ ಜಗತ್ತಿನ ಮಾರುಕಟ್ಟೆ ತುಂಬಿ ದರ ನೆಲಕಚ್ಚಿತು. ಆಗ ಪೇಟೆಯ ಹೋಟೆಲಿನಲ್ಲಿ ಒಂದು ಲೋಟ ಕಾಫಿಯೇನೂ ಅಗ್ಗವಾಗಲಿಲ್ಲ. ಕುಡಿಯುವವರು ಕೊಡುವ ಹಣದಲ್ಲಿ ಹುರಿಯುವವರ, ಸಾಗಿಸುವವರ, ಅಂಗಡಿ ಬಾಡಿಗೆಯ ಪಾಲೇ ದೊಡ್ಡದು. ಬೀಜದ ಪಾಲು ಚಿಕ್ಕದು.

ಹಾಗಾದರೆ ಬೆಳೆಗಾರರ ಕೈಯಲ್ಲಿ ಉಳಿದದ್ದೇನು? ಯಾವಾಗ ಮಾರಬೇಕೆಂಬ ತೀರ್ಮಾನವೊಂದೇ. ಚೆನ್ನಾಗಿ ಒಣಗಿದ ಚೆರಿ ಹಲವು ತಿಂಗಳು ಕೆಡುವುದಿಲ್ಲ. ಗೋದಾಮು ಇರುವವರು ಅದನ್ನು ಬ್ಯಾಂಕಿನ ಠೇವಣಿಯಂತೆ ಇಟ್ಟುಕೊಂಡು, ಮಕ್ಕಳ ಶುಲ್ಕಕ್ಕೆ ಹತ್ತು ಚೀಲ, ಮದುವೆಗೆ ಐವತ್ತು ಚೀಲ ಎಂದು ಮಾರುತ್ತಾರೆ. ಎರಡು ಮೂರು ಎಕರೆಯವರಿಗೆ ಆ ಅನುಕೂಲವಿಲ್ಲ. ಕೊಯ್ಲಿನ ಕೂಲಿ ಕೊಡಬೇಕು. ಗಿಡ ಹೂ ಬಿಡಲು ಬೇಕಾದ ಹೂಮಳೆ ತಡವಾದರೆ ಸ್ಪ್ರಿಂಕ್ಲರಿಗೆ ಡೀಸೆಲ್ ತರಬೇಕು. ಎಲ್ಲರೂ ಮಾರಲು ಬರುವ ಹೊತ್ತಿನಲ್ಲೇ ಅವರೂ ಬರಬೇಕಾಗುತ್ತದೆ. ಕಣದ ಪಕ್ಕದಲ್ಲೇ ಸರಕಿನ ಮೇಲೆ ಕಡಿಮೆ ಬಡ್ಡಿಯ ಸಾಲ ಸಿಗುವಂತಾದರೆ ಈ ಅವಸರ ಎಷ್ಟೋ ತಗ್ಗುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

2024ರಲ್ಲಿ 50 ಕಿಲೋ ರೋಬಸ್ಟಾ ಚೆರಿ 10,000 ರೂಪಾಯಿ ದಾಟಿತು. ಅದಕ್ಕೆ ಮೊದಲೇ ಕಣದಿಂದ ನೇರ ಅಂಗಡಿಗೆ ಚೀಲ ಸಾಗಿಸಿದ್ದವರು ಆ ದರವನ್ನು ಪತ್ರಿಕೆಯಲ್ಲಿ ಓದಿದರು.