ರೇಡಿಯೇಷನ್‌ನಿಂದ ಸತ್ತ ದವಡೆ ಮೂಳೆಯನ್ನು ಸ್ಕ್ಯಾಫೋಲ್ಡ್ ಇಟ್ಟು ಬೆಳೆಸಬಹುದೇ?

ಪ್ರಶ್ನೆ: ಬಾಯಿ ಕ್ಯಾನ್ಸರ್‌ಗೆ ರೇಡಿಯೇಷನ್ ಆದ ಮೇಲೆ ಅಪ್ಪನ ಕೆಳದವಡೆಯ ಮೂಳೆ ಸತ್ತಿದೆ ಎನ್ನುತ್ತಿದ್ದಾರೆ. ಮೂಳೆ ಬೆಳೆಸುವ ಸ್ಕ್ಯಾಫೋಲ್ಡ್ ಬಂದಿದೆಯಂತಲ್ಲ, ಅದನ್ನಿಟ್ಟರೆ ಸರಿಹೋಗುತ್ತದೆಯೇ?

ಉತ್ತರ: ಈ ಪ್ರಶ್ನೆ ಬರುತ್ತಲೇ ಇದೆ, ನಾನೂ ಉತ್ತರ ಬರೆಯುತ್ತಲೇ ಇದ್ದೇನೆ. ಈ ಸಲ ಬಿಡಿಸಿಯೇ ಹೇಳುತ್ತೇನೆ. ಸ್ಕ್ಯಾಫೋಲ್ಡ್ ಎಂದರೆ ಹೊಸ ಮೂಳೆ ಬೆಳೆಯಲೆಂದು ಆಸರೆಯಾಗಿ ಇಡುವ ರಂಧ್ರಗಳಿರುವ ಚೌಕಟ್ಟು. ಬರೀ ಅದನ್ನಿಟ್ಟರೆ ಸರಿಹೋಗುವುದಿಲ್ಲ. ರೇಡಿಯೇಷನ್ ಬಿದ್ದ ಮೂಳೆಯ ಮಟ್ಟಿಗೆ ಈ ವಿದ್ಯೆ ಇನ್ನೂ ಬಹುಪಾಲು ಸಂಶೋಧನೆಯಲ್ಲೇ ಇದೆ.

ಎಷ್ಟು ಹೇಳಿದರೂ ಅಳಿಯದ ನಂಬಿಕೆಯೊಂದಿದೆ: ಮೂಳೆ ಎಂದರೆ ಕ್ಯಾಲ್ಸಿಯಂ, ಹಾಳಾದ ಕಡೆ ಅದನ್ನೇ ತುಂಬಿದರೆ ಆಯಿತು. ದಯವಿಟ್ಟು ಇದನ್ನು ತಲೆಯಿಂದ ತೆಗೆಯಿರಿ. ಸತ್ತ ಮೂಳೆಯಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿರುತ್ತದೆ. ಒಸಡು ಸರಿದು ಬಾಯೊಳಗೆ ಹೊರಗೇ ಕಾಣುವ ಆ ತುಂಡು ಹಳದಿ ಬಣ್ಣಕ್ಕೆ ತಿರುಗಿರುತ್ತದೆ, ಮುಟ್ಟಿದರೆ ಗಟ್ಟಿಯಾಗೇ ಇರುತ್ತದೆ. ಕೆರೆದರೆ ಮಾತ್ರ ಒಂದು ಹನಿ ರಕ್ತ ಬರುವುದಿಲ್ಲ. ರೋಗ ಇರುವುದೇ ಅಲ್ಲಿ.

ತಲೆ-ಕುತ್ತಿಗೆಯ ಕ್ಯಾನ್ಸರ್‌ಗೆ ಸಾಮಾನ್ಯವಾಗಿ 60ರಿಂದ 70 ಗ್ರೇ (ಮೈ ಹೀರಿಕೊಳ್ಳುವ ವಿಕಿರಣದ ಅಳತೆ) ವಿಕಿರಣ ಕೊಡುತ್ತಾರೆ. ಗಡ್ಡೆಯ ಜೊತೆಗೆ ಮೂಳೆಯೊಳಗಿನ ಸಣ್ಣ ರಕ್ತನಾಳಗಳ ಒಳಪದರಕ್ಕೂ ಪೆಟ್ಟು ಬೀಳುತ್ತದೆ. ನಾಳಗಳು ಮುಚ್ಚಿಕೊಂಡು ಆ ಜಾಗದಲ್ಲಿ ನಾರಿನಂಥ ಅಂಗಾಂಶ ಸೇರಿಕೊಳ್ಳುತ್ತದೆ, ಮೂಳೆ ಕಟ್ಟುವ ಜೀವಕೋಶಗಳು ಕ್ಷೀಣಿಸುತ್ತವೆ. ಆಮ್ಲಜನಕ, ಜೀವಕೋಶ, ರಕ್ತನಾಳ ಮೂರೂ ಕಡಿಮೆಯಾದ ಅಂಗಾಂಶ ಇದು ಎಂದು ಅಮೆರಿಕದ ಬಾಯಿ-ದವಡೆ ಶಸ್ತ್ರಚಿಕಿತ್ಸಕ ರಾಬರ್ಟ್ ಮಾರ್ಕ್ಸ್ 1983ರಲ್ಲೇ ವಿವರಿಸಿದ್ದರು. ಮೇಲ್ದವಡೆಗಿಂತ ಕೆಳದವಡೆಗೆ ರಕ್ತ ಪೂರೈಕೆ ಕಡಿಮೆ, ಹಾಗಾಗಿ ತೊಂದರೆ ಹೆಚ್ಚಾಗಿ ಕಾಣಿಸುವುದೂ ಕೆಳಗೇ.

ಇನ್ನು ಸ್ಕ್ಯಾಫೋಲ್ಡ್. ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಬಯೋಆಕ್ಟಿವ್ ಗಾಜು, ಕೊಲಾಜೆನ್, ಹೀಗೆ ಯಾವುದರಿಂದ ಮಾಡಿದ್ದರೂ ಅದು ಬಳ್ಳಿಗೆ ಹಾಕಿದ ಚಪ್ಪರದಂತೆ. ಬಳ್ಳಿಯೇ ಇಲ್ಲದಿದ್ದರೆ ಚಪ್ಪರದ ಮೇಲೆ ಹಬ್ಬುವುದು ಏನು? ಸುಮಾರು 300 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್) ಅಗಲದ ರಂಧ್ರಗಳನ್ನು ಬಿಟ್ಟು ಅದನ್ನು ತಯಾರಿಸುವುದೇ ಅಕ್ಕಪಕ್ಕದಿಂದ ರಕ್ತನಾಳಗಳು ಒಳಗೆ ನುಗ್ಗಲಿ ಎಂದು. ಜೀವಕೋಶವೊಂದು ಬದುಕಬೇಕಾದರೆ ರಕ್ತದ ಲೋಮನಾಳ (ಅತಿ ಸಣ್ಣ ರಕ್ತನಾಳ) 100–200 ಮೈಕ್ರಾನ್ ಒಳಗೆ ಇರಬೇಕು. ಅಕ್ಕಪಕ್ಕದ ಮೂಳೆಯೇ ರಕ್ತವಿಲ್ಲದೆ ಒಣಗಿದ್ದರೆ ಒಳಗೆ ನುಗ್ಗುವವರು ಯಾರು? ಆರೋಗ್ಯವಂತ ಇಲಿಯ ತಲೆಬುರುಡೆಯ ತೂತು ಸ್ಕ್ಯಾಫೋಲ್ಡ್‌ನಿಂದ ತುಂಬಿತು ಎಂಬ ಸುದ್ದಿ ಓದಿದಾಗಲೆಲ್ಲ ಇದನ್ನು ನೆನಪಿಡಿ: ಆ ಇಲಿಯ ಮೂಳೆಗೆ ರೇಡಿಯೇಷನ್ ಬಿದ್ದಿರಲಿಲ್ಲ.

ಶಸ್ತ್ರಚಿಕಿತ್ಸಕರಿಗೆ ಇದು ಚೆನ್ನಾಗಿ ಗೊತ್ತು. ಸತ್ತ ಮೂಳೆಯನ್ನು ಕೊರೆಯುತ್ತಾ ಹೋಗಿ, ಕೊಯ್ದ ಅಂಚಿನಲ್ಲಿ ರಕ್ತ ಜಿನುಗುವುದು ಕಂಡ ಮೇಲೆ ನಿಲ್ಲಿಸುತ್ತಾರೆ. ಹಾನಿ ದೊಡ್ಡದಾಗಿದ್ದರೆ ಕಾಲಿನ ಫಿಬುಲಾ ಮೂಳೆಯನ್ನು ಅದರದ್ದೇ ರಕ್ತನಾಳಗಳ ಸಮೇತ ತೆಗೆದು, ಸೂಕ್ಷ್ಮದರ್ಶಕದಡಿ ಕುತ್ತಿಗೆಯ ನಾಳಗಳಿಗೆ ಹೊಲಿಯುತ್ತಾರೆ. ರಕ್ತವನ್ನು ತಾನೇ ಹೊತ್ತು ತರುವುದರಿಂದಲೇ ಆ ಮೂಳೆ ಅಲ್ಲಿ ಬದುಕುತ್ತದೆ.

ಸಂಶೋಧಕರು ಸ್ಕ್ಯಾಫೋಲ್ಡ್ ಜೊತೆ ಕಾಂಡಕೋಶಗಳನ್ನೂ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್) ಬೆಳವಣಿಗೆಯ ಪ್ರೋಟೀನ್‌ಗಳನ್ನೂ ಸೇರಿಸಿ ನೋಡುತ್ತಿರುವುದು ಈ ಕೊರತೆ ನೀಗಿಸಲಿಕ್ಕೇ. ಅದರಲ್ಲಿ ನನಗೆ ನಿಜವಾದ ಭರವಸೆಯಿದೆ. ಆದರೆ ಬಿಎಂಪಿ-2 ಎಂಬ ಪ್ರೋಟೀನ್ ಮೂಳೆ ಬೆಳೆಸುತ್ತದೆಂದು ಕೇಳಿ ಅದನ್ನೇ ಹಾಕಿ ಎನ್ನುವವರಿಗೆ ಒಂದು ಮಾತು: ಗಡ್ಡೆ ಇದ್ದ ಅಥವಾ ತೆಗೆದ ಜಾಗದಲ್ಲಿ ಅದನ್ನು ಬಳಸಬಾರದೆಂಬ ಎಚ್ಚರಿಕೆ ಆ ಉತ್ಪನ್ನದ ಮೇಲೆಯೇ ಇದೆ. ಜೀವಕೋಶ ಬೆಳೆಸುವ ಸಂಕೇತ ಉಳಿದ ಕ್ಯಾನ್ಸರ್ ಕೋಶಕ್ಕೂ ತಲುಪಬಹುದು.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದಿದ್ದರೂ ಹಲ್ಲಿನ ವಿಷಯ ಹೇಳಲೇಬೇಕು. ಮೂಳೆ ಸಾಯುವುದಕ್ಕೆ ಎಷ್ಟೋ ಸಲ ನೆಪವಾಗುವುದು ರೇಡಿಯೇಷನ್ ಆದ ಮೇಲೆ ಕೀಳಿಸಿದ ಒಂದು ಹಲ್ಲು. ಆ ಗಾಯ ಮಾಯುವಷ್ಟು ರಕ್ತ ಅಲ್ಲಿಲ್ಲ. ಉಳಿಯಲಾರದ ಹಲ್ಲನ್ನು ರೇಡಿಯೇಷನ್ ಶುರುವಾಗುವ ಎರಡು ಮೂರು ವಾರ ಮೊದಲೇ ತೆಗೆಸಬೇಕು. ಚಿಕಿತ್ಸೆಯ ನಂತರ ಜೊಲ್ಲು ಕಡಿಮೆಯಾಗಿ ಹಲ್ಲು ಬೇಗ ಹುಳುಕಾಗುತ್ತದೆ, ಆದ್ದರಿಂದ ಫ್ಲೋರೈಡ್ ಬಿಡಬಾರದು. ಈ ಅಪಾಯ ವರ್ಷಗಳು ಕಳೆದರೂ ಹೋಗುವುದಿಲ್ಲ. ಹತ್ತು ವರ್ಷದ ಮೇಲೆ ದಂತವೈದ್ಯರ ಬಳಿ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲೇ ರೇಡಿಯೇಷನ್ ಆಗಿದೆ ಎಂದು ಹೇಳಿ, ಯಾವ ಭಾಗಕ್ಕೆ ಎಷ್ಟು ಗ್ರೇ ಎಂದು ಬರೆದ ಕಾಗದವನ್ನು ತೋರಿಸಿ.