ಮಲ್ಪೆಯ ಬೊಂಡಾಸಿನ ಜಾತಕ ವಿದೇಶಿ ಕಂಪನಿಗೆ ಸಿಗುವುದು ಹೇಗೆ?

ಓದುಗರ ಪ್ರಶ್ನೆ: ವಿದೇಶದ ದೊಡ್ಡ ಕಂಪನಿಗಳು ತಾವು ಮಾರುವುದು ಕಡಲಿಗೆ ಹಾನಿ ಮಾಡದೆ ಹಿಡಿದ ಮೀನು ಎನ್ನುತ್ತವೆ. ಮಲ್ಪೆ ಬಂದರಿನಿಂದ ಹೋದ ಬೊಂಡಾಸಿನ (ಸ್ಕ್ವಿಡ್) ವಿಷಯದಲ್ಲಿ ಅವರಿಗೆ ಅದು ಗೊತ್ತಾಗುವುದು ಹೇಗೆ?

ಹೆಚ್ಚಾಗಿ ಕಾಗದದಿಂದ. ಕಂಪನಿಯ ವ್ಯವಹಾರವೆಲ್ಲ ಮೀನು ಫ್ರೀಜ್ ಮಾಡಿ ಕಂಟೇನರ್ ತುಂಬಿಸುವ ಫ್ಯಾಕ್ಟರಿಯ ಜೊತೆ. ಆಡಿಟರ್ ಬರುವುದೂ ಅಲ್ಲಿಗೇ. ನೀರು, ಐಸು, ಕೆಲಸದವರ ಹಾಜರಿ ಪುಸ್ತಕ ನೋಡಿ ಹೋಗುತ್ತಾರೆ. ಬೋಟಿನ ತನಕ ತಲುಪುವುದು ಯುರೋಪ್ 2010ರ ಜನವರಿಯಿಂದ ಕಡ್ಡಾಯ ಮಾಡಿದ ಕ್ಯಾಚ್ ಸರ್ಟಿಫಿಕೇಟ್: ಯಾವ ಬೋಟು, ಯಾವ ಮೀನು, ಎಷ್ಟು ತೂಕ, ಎಲ್ಲಿ ಹಿಡಿದದ್ದು. ನಮ್ಮಲ್ಲಿ ಅದನ್ನು ನೋಡಿಕೊಳ್ಳುವುದು ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ, ಬಾಯಿಮಾತಿನಲ್ಲಿ ಎಂಪೆಡಾ.

ಇನ್ನು ದಕ್ಕೆಗೆ ಬನ್ನಿ. ಬಲೆಯನ್ನು ಹಿಂದೆ ಎಳೆಯುತ್ತ ಹತ್ತು ದಿನ ಕಡಲಲ್ಲಿದ್ದ ಟ್ರಾಲ್ ಬೋಟು ಬೆಳಗಿನ ಜಾವ ಬಂದು ಕಟ್ಟಿದೆ. ಐಸಿನಡಿಯಿಂದ ಬೊಂಡಾಸು, ರಾಣಿ ಮೀನು, ಡಿಸ್ಕೊ, ಬೆರಳುದ್ದದ ಮರಿಗಳು ಎಲ್ಲ ಮೇಲೆ ಬರುತ್ತವೆ. ಏಲಂ ಮುಗಿಯುವಷ್ಟರಲ್ಲಿ ನಾಲ್ಕಾರು ಬೋಟಿನ ಬೊಂಡಾಸು ಒಬ್ಬನೇ ಸಪ್ಲೈಯರನ ಲಾರಿ ಹತ್ತಿರುತ್ತದೆ. ಆಮೇಲೆ ಯಾವುದು ಯಾರದೆಂದು ಏಲಂ ಕೂಗಿದವನಿಗೂ ಗೊತ್ತಾಗದು. ಕಾಗದದಲ್ಲಿ ಮಾತ್ರ ಬೋಟಿನ ಹೆಸರುಗಳೂ ತೂಕವೂ ಸಾಲಾಗಿ ಕೂತಿರುತ್ತವೆ. ಮರಿಗಳೂ ಅಡಿಯಲ್ಲಿ ಕೆಟ್ಟದ್ದೂ ಫಿಶ್‌ಮಿಲ್ಲಿಗೆ. ಅಲ್ಲಿ ಪುಡಿಯಾದದ್ದು ಸಾಕಣೆ ಸಿಗಡಿಯ ಮೇವಾಗಿ, ಸಿಗಡಿಯಾಗಿ ಮತ್ತೆ ವಿದೇಶದ ತಟ್ಟೆಗೇ ಹೋಗಬಹುದು. ಈ ಬಳಸುದಾರಿಯ ಲೆಕ್ಕ ಇಡುವುದು ಇನ್ನೂ ಕಷ್ಟ.

ಕಡಲಿಗೆ ಹಾನಿಯಾಗದಂತೆ ಹಿಡಿದದ್ದು ಎಂದು ಹೇಳುವ ಎಂಎಸ್‌ಸಿ (ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಎಂಬ ಸಂಸ್ಥೆಯ ನೀಲಿ ಮುದ್ರೆ ಇದೆಯಲ್ಲ ಎನ್ನಬಹುದು. ದೇಶದಲ್ಲಿ ಅದು ಮೊದಲು ಸಿಕ್ಕಿದ್ದು 2014ರಲ್ಲಿ, ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನ ಮರುವಾಯಿಗೆ (ಚಿಪ್ಪಿನೊಳಗಿನ ಮಾಂಸ ತಿನ್ನುವ ಜೀವಿ). ಅಲ್ಲಿ ಒಂದೇ ನೀರು, ಒಂದೇ ಜಾತಿ. ನಮ್ಮ ಟ್ರಾಲ್ ಬಲೆ ಒಮ್ಮೆ ಎಳೆದರೆ ಹತ್ತಾರು ಜಾತಿ.

ನನಗೆ ಕಂಡಂತೆ, ಆಡಿಟ್‌ಗಿಂತ ಬೇಗ ಬಿಸಿ ಮುಟ್ಟಿಸುವುದು ಬಾಗಿಲು ಹಾಕುವುದು. ಬಲೆಗೆ ಬಿದ್ದ ಕಡಲಾಮೆ ಹೊರಹೋಗಲು ಟೆಡ್ ಇಲ್ಲವೆಂದು ಅಮೆರಿಕ 2019ರಲ್ಲಿ ಭಾರತದ ಕಡಲ ಸಿಗಡಿಯನ್ನು ನಿಲ್ಲಿಸಿತು. ಸಾಕಣೆ ಸಿಗಡಿಗೆ ಅಡ್ಡಿಯಿರಲಿಲ್ಲ. ಟೆಡ್ ಅಂದರೆ ಬಲೆಯೊಳಗೆ ಓರೆಯಾಗಿ ಕೂರುವ ಕಂಬಿಯ ಚೌಕಟ್ಟು. ಸಿಗಡಿ ಕಂಬಿಯ ನಡುವೆ ನುಸುಳಿ ಬಲೆಯ ಚೀಲಕ್ಕೆ, ಆಮೆ ತಡೆದು ಕಿಂಡಿಯಿಂದ ಹೊರಗೆ. ಸರಳವೇ. ಆದರೆ ಷರತ್ತು ಕಂಪನಿಯಿಂದ ಫ್ಯಾಕ್ಟರಿಗೆ, ಸಪ್ಲೈಯರಿಗೆ, ಬೋಟಿಗೆ ಇಳಿದಷ್ಟು ಸಲೀಸಾಗಿ ದುಡ್ಡು ಇಳಿಯುವುದಿಲ್ಲ. ಬೋಟು ನಡೆಸುವ ತಂಡೇಲರನ್ನು ಕೇಳಿದರೆ ಮೊದಲು ಬರುವ ಮಾತೇ ಅದು: "ಆಮೆ ಒಟ್ಟಿಗೆ ಸ್ವಲ್ಪ ಮೀನೂ ಹೋಗ್ತದೆ ಮಾರಾಯ್ರೆ. ಆ ಲಾಸು ಏಲಂನಲ್ಲಿ ಯಾರು ಕಟ್ಟಿಕೊಡ್ತಾರೆ?"