ಪದ ಪರಿಚಯ: ಟರ್ನ್‌ಔಟ್ ನಂಬರ್

ಮಾಡೆಲ್ ರೈಲು ಶುರು ಮಾಡೋರು ಮೊದ್ಲು ನೋಡೋದು ಇಂಜಿನ್, ಆಮೇಲೆ ಬೋಗಿ, ಹಳಿ ಕೊನೆಗೆ. ಆದ್ರೆ ಅಟ್ಟದ ಮೇಲೆ ಹಾಕೋ ಪ್ಲೈವುಡ್ ಎಷ್ಟುದ್ದ ಬೇಕು, ಸ್ಟೇಷನ್ನಲ್ಲಿ ಎಷ್ಟು ಬೋಗಿ ನಿಲ್ಲುತ್ತೆ, ರಿವರ್ಸ್ ಹೋಗುವಾಗ ಬೋಗಿ ಹಳಿ ತಪ್ಪುತ್ತೋ ಇಲ್ವೋ, ಇದನ್ನೆಲ್ಲ ಡಿಸೈಡ್ ಮಾಡೋದು ಟರ್ನ್‌ಔಟು. ಒಂದು ಹಳಿ ಎರಡಾಗೋ ಜಾಗಕ್ಕೆ ಈ ಹೆಸರು, ನಮ್ಮ ರೈಲ್ವೆಯವ್ರು ಪಾಯಿಂಟ್ಸ್ ಅಂತಾರೆ, ಅಮೆರಿಕದ ಪ್ಯಾಕೆಟ್ ಮೇಲೆ ಸ್ವಿಚ್ ಅಂತಾನೂ ಇರುತ್ತೆ. ಮೂರೂ ಒಂದೇ ಐಟಂ ಅಂದ್ಕೊಂಡು ಮುಂದೆ ಹೋಗಿ.

ಇದ್ರಲ್ಲಿ ಅಲ್ಲಾಡೋದು ಎರಡು ಚೂಪು ಹಳಿ ಮಾತ್ರ, ಅದು ಟಂಗ್ ರೈಲ್. ಪಕ್ಕದಲ್ಲಿ ಗಟ್ಟಿಯಾಗಿ ಕೂತಿರೋದು ಸ್ಟಾಕ್ ರೈಲ್. ಸ್ವಲ್ಪ ಮುಂದೆ ಹೋದ್ರೆ ಒಂದು ದಾರಿಯ ಹಳಿ ಇನ್ನೊಂದು ದಾರಿಯ ಹಳಿನ ದಾಟೋ ವಿ ಆಕಾರದ ಜಾಗ ಬರುತ್ತೆ, ಅದಕ್ಕೆ ರೈಲ್ವೆಲಿ ಕ್ರಾಸಿಂಗ್, ಮಾಡೆಲ್ ಮಾಡೋರು ಫ್ರಾಗ್ ಅಂತಾರೆ. ಟರ್ನ್‌ಔಟ್ ನಂಬರ್ ಅನ್ನೋದು ಈ ವಿ ಎಷ್ಟು ಅಗಲ ಅನ್ನೋದರ ಅಳತೆ. ಅಡಿಕೆಕತ್ತರಿ ಸ್ವಲ್ಪವೇ ಬಿಚ್ಚಿ ಹಿಡ್ಕೊಳ್ಳಿ, ಕೀಲಿಂದ 12 ಸೆಂಟಿಮೀಟರ್ ದೂರಕ್ಕೆ ಎರಡು ಕಾಲಿನ ಮಧ್ಯೆ 1 ಸೆಂಟಿಮೀಟರ್ ಸಂದಿ ಇದ್ರೆ ಅದು 1 ಇನ್ 12. ಇನ್ನೂ ಬಿಚ್ಚಿ, 4 ಸೆಂಟಿಮೀಟರ್‌ಗೇ 1 ಸೆಂಟಿಮೀಟರ್ ಸಂದಿ ಬಂದ್ರೆ ನಂಬರ್ 4. ಅಂದ್ರೆ ನಂಬರ್ ದೊಡ್ಡದಾದಷ್ಟೂ ತಿರುವು ಸಲೀಸು, ಹಾಗೇನೇ ಪಾಯಿಂಟ್ ಉದ್ದ. ತೊಂದ್ರೆ ಇರೋದೇ ಈ ಉದ್ದದಲ್ಲಿ.

ನಿಜವಾದ ರೈಲಲ್ಲಿ ಪ್ಯಾಸೆಂಜರ್ ಗಾಡಿ ಹೋಗೋ ಲೈನ್‌ಗೆ ಸಾಮಾನ್ಯವಾಗಿ 1 ಇನ್ 12, ಗೂಡ್ಸ್ ಯಾರ್ಡ್‌ಗೆ 1 ಇನ್ 8.5 ಹಾಕ್ತಾರೆ. 1 ಇನ್ 12ರ ತಿರುವಿನ ರೇಡಿಯಸ್ 441 ಮೀಟರ್, 1 ಇನ್ 8.5ರದ್ದು 232 ಮೀಟರ್. ಎಚ್‌ಓ ಸ್ಕೇಲ್ ಅಂದ್ರೆ 87ರಲ್ಲಿ ಒಂದು ಪಾಲು, ಭಾಗಿಸಿ ನೋಡಿ, 5 ಮೀಟರ್ ಮತ್ತೆ 2.67 ಮೀಟರ್ ಬರುತ್ತೆ. ಈಗ ಅಂಗಡಿ ಕಡೆ ಬನ್ನಿ, ಇಂಗ್ಲೆಂಡಿನ ಪೆಕೋ ಕಂಪನಿಯ ಸ್ಟ್ರೀಮ್‌ಲೈನ್ ಸರಣಿಲಿ ದೊಡ್ಡದು ಅಂತ ಮಾರೋ ಪಾಯಿಂಟಿನ ರೇಡಿಯಸ್ 1.524 ಮೀಟರ್, ಮೀಡಿಯಂ 914 ಮಿಲಿಮೀಟರ್, ಸಣ್ಣದು 610. ಅಂದ್ರೆ ಅಲ್ಲಿರೋದ್ರಲ್ಲಿ ದೊಡ್ಡದು ತಗೊಂಡ್ರೂ ಗೂಡ್ಸ್ ಯಾರ್ಡಿನ ಪಾಯಿಂಟಿಗಿಂತ ಜಾಸ್ತಿ ಗಿಡ್ಡ ತಿರುವು. ಅದಕ್ಕೆ ಪಕ್ಕಾ ಒರಿಜಿನಲ್ ಥರಾನೇ ಇರ್ಬೇಕು ಅನ್ನೋ ಹಠ ಇಲ್ಲೇ ಬಿಟ್ಬಿಡಿ, ಅದು ಆಗೋ ಮಾತಲ್ಲ. ಗೇಜ್ ಅಂದ್ರೆ ಎರಡು ಹಳಿ ಮಧ್ಯದ ಅಂತರ, ಅದರ ವಿಷ್ಯನೂ ಅಷ್ಟೇ, ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಎಚ್‌ಓಗೆ ಇಳಿಸಿದ್ರೆ 19ಕ್ಕಿಂತ ಸ್ವಲ್ಪ ಜಾಸ್ತಿ ಆಗ್ಬೇಕು, ಸಿಗೋ ಹಳಿ 16.5.

ಇನ್ನೊಂದು, ಪೆಕೋದ ಈ ಮೂರು ಸೈಜಲ್ಲೂ ಫ್ರಾಗ್ ಕೋನ ಒಂದೇ, 12 ಡಿಗ್ರಿ. ನಂಬರ್ ಲೆಕ್ಕದಲ್ಲಿ ಎಲ್ಲವೂ ಹೆಚ್ಚುಕಮ್ಮಿ 1 ಇನ್ 4.7, ಬದಲಾಗೋದು ಟಂಗ್ ರೈಲಿಂದ ಫ್ರಾಗ್‌ವರೆಗಿನ ತಿರುವು ಮಾತ್ರ. ಅಮೆರಿಕದ ಲೆಕ್ಕದ ಪಾಯಿಂಟುಗಳಲ್ಲಿ ನಂಬರ್ 4, 6, 8 ಅಂತ ಇರೋದು ನಿಜವಾಗ್ಲೂ ಫ್ರಾಗಿನ ನಂಬರ್. ಇಲ್ಲಿನ 12 ಡಿಗ್ರಿನ ರೈಲ್ವೆಯ 1 ಇನ್ 12 ಅಂತ ಓದ್ಕೊಂಡ್ರೆ ಮುಗೀತು ಕಥೆ.

ಯಾವ್ದು ಎಲ್ಲಿಗೆ ಅಂತ ನೋಡೋಕೆ ತಾಳಗುಪ್ಪ ಒಳ್ಳೆ ಉದಾಹರಣೆ, ನನ್ನ ಪ್ರಕಾರ ಮಲೆನಾಡಲ್ಲಿ ಮಾಡೆಲ್ ಮಾಡೋಕೆ ಇದಕ್ಕಿಂತ ಚೆನ್ನಾಗಿರೋ ಸ್ಟೇಷನ್ ಇಲ್ಲ. ಲೈನ್ ಅಲ್ಲಿಗೇ ಮುಗಿಯುತ್ತೆ, ಬಂದ ಇಂಜಿನ್ ಕಳಚ್ಕೊಂಡು ಪಕ್ಕದ ಹಳಿ ಮೇಲೆ ಹಿಂದಕ್ಕೆ ಹೋಗಿ ಆ ಕಡೆ ಸೇರ್ಕೋಬೇಕು, ಅದಕ್ಕೆ ಒಂದು ಲೂಪ್, ಲೂಪಿಗೆ ಎರಡು ಪಾಯಿಂಟ್. ನಿಜವಾದ 1 ಇನ್ 12 ಪಾಯಿಂಟ್ ಸುಮಾರು 40 ಮೀಟರ್ ಉದ್ದ, ಎಚ್‌ಓದಲ್ಲಿ 46 ಸೆಂಟಿಮೀಟರ್, ಎರಡಕ್ಕೆ 92. ಅದೇ ಪೆಕೋ ಮೀಡಿಯಂ ಒಂದು 22 ಸೆಂಟಿಮೀಟರ್ ಒಳಗೇ ಮುಗಿಯುತ್ತೆ, ಎರಡಕ್ಕೆ 44. ಉಳಿದ 48 ಸೆಂಟಿಮೀಟರ್ ಅಂದ್ರೆ ಚೆನ್ನೈನ ಐಸಿಎಫ್ ಕಾರ್ಖಾನೆಯ ಹಳೇ ನೀಲಿ ಬೋಗಿ ಹತ್ರಹತ್ರ ಎರಡರ ಉದ್ದ, ಎಚ್‌ಓದಲ್ಲಿ ಒಂದೊಂದು 24 ಸೆಂಟಿಮೀಟರ್ ಚಿಲ್ಲರೆ. ಎಂಟಡಿ ಪ್ಲೈವುಡ್ ಮೇಲೆ ಹತ್ರಹತ್ರ ಎರಡು ಬೋಗಿಯಷ್ಟು ಜಾಗ ಅಂದ್ರೆ ಸಣ್ಣ ಮಾತಲ್ಲ. ಅಷ್ಟೂ ಜಾಗ ಇಲ್ಲ ಅನ್ನೋರು 160ರಲ್ಲಿ ಒಂದು ಪಾಲಿನ ಎನ್ ಸ್ಕೇಲ್ ನೋಡ್ಬಹುದು, ಎಲ್ಲ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಆಗುತ್ತೆ.

ಹಂಗಂತ ಎಲ್ಲ ಕಡೆ ಸಣ್ಣದೇ ತುರುಕಬಾರ್ದು. ಗೂಡ್ಸ್ ಸೈಡಿಂಗಿಗೆ ಸಣ್ಣದು ಓಕೆ, ಅಲ್ಲಿ ಗಿಡ್ಡ ವ್ಯಾಗನ್ ನಿಧಾನಕ್ಕೆ ಹೋಗುತ್ತೆ. ಆದ್ರೆ ಪಕ್ಕಪಕ್ಕದ ಎರಡು ಲೈನ್ ಸೇರ್ಸೋ ಕ್ರಾಸ್‌ಓವರ್ ಇದ್ಯಲ್ಲ, ಅಲ್ಲಿ ಎರಡು ಪಾಯಿಂಟ್ ಬೆನ್ನಿಗೆ ಬೆನ್ನು ಕೊಟ್ಟು ಕೂತಿರ್ತಾವೆ, ಬೋಗಿ ಒಂದು ಕಡೆ ತಿರುಗಿದ ತಕ್ಷಣ ಇನ್ನೊಂದು ಕಡೆ ತಿರುಗ್ಬೇಕು, ಉದ್ದದ ಬೋಗಿಗಳ ಮೂಲೆಗಳು ಎದುರಾಬದುರಾ ದಿಕ್ಕಿಗೆ ಹೋಗಿ ಕಪ್ಲಿಂಗ್ ಎಳ್ಕೊಂಡು, ಹಿಂದಕ್ಕೆ ತಳ್ಳುವಾಗಂತೂ ಸೀದಾ ಕೆಳಗೆ. ದುಡ್ಡು ಖರ್ಚು ಮಾಡೋದಿದ್ರೆ ಅಲ್ಲಿ ಮಾಡಿ, ದೊಡ್ಡದನ್ನೇ ಹಾಕಿ.

ನಂಬರ್ ಆಯ್ತು, ಪ್ಯಾಕೆಟ್ ಮೇಲೆ ನೋಡ್ಬೇಕಾದ ಇನ್ನೊಂದು ವಿಷ್ಯ ಕರೆಂಟು. ಮಾಡೆಲಲ್ಲಿ ಎರಡು ಹಳಿಲೂ ವಿರುದ್ಧ ಕರೆಂಟ್ ಹರಿಯುತ್ತೆ, ಫ್ರಾಗ್ ಹತ್ರ ಇವೆರಡೂ ಸೇರೋದ್ರಿಂದ ಶಾರ್ಟ್ ಆಗದ ಹಾಗೆ ಏನಾದ್ರೂ ಮಾಡ್ಲೇಬೇಕು. ಒಂದು ದಾರಿ ಫ್ರಾಗನ್ನ ಪ್ಲಾಸ್ಟಿಕಲ್ಲಿ ಮಾಡೋದು, ಪೆಕೋದಲ್ಲಿ ಇನ್ಸುಲ್‌ಫ್ರಾಗ್, ವೈರಿಂಗ್ ತಲೆನೋವಿಲ್ಲ. ಆದ್ರೆ ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ ಕಾಲದ ರೈಲ್‌ಬಸ್ಸನ್ನ ನಾಲ್ಕೇ ಚಕ್ರದ ಮಾಡೆಲ್ ಮಾಡಿ ನಿಧಾನಕ್ಕೆ ಬಿಟ್ರೆ ಆ ಪ್ಲಾಸ್ಟಿಕ್ ಮೇಲೆ ಕರೆಂಟ್ ಸಿಗದೆ ನಿಂತುಬಿಡುತ್ತೆ, ಬೆರಳಲ್ಲಿ ತಳ್ಳಬೇಕು. ಇನ್ನೊಂದು ದಾರಿ ಪೂರ್ತಿ ಲೋಹದ ಫ್ರಾಗ್, ಅದು ಎಲೆಕ್ಟ್ರೋಫ್ರಾಗ್, ಪಾಯಿಂಟ್ ಯಾವ ಕಡೆ ಇದೆಯೋ ಅದಕ್ಕೆ ತಕ್ಕಂತೆ ಫ್ರಾಗಿನ ಕರೆಂಟೂ ಬದಲಾಗ್ಬೇಕು. ಈಗ ಬರ್ತಿರೋ ಯೂನಿಫ್ರಾಗಲ್ಲಿ ಸಣ್ಣದೊಂದು ಲೋಹದ ತುದಿ ಪ್ರತ್ಯೇಕವಾಗಿರುತ್ತೆ, ಬೇಕಿದ್ರೆ ವೈರ್ ಕೊಡಿ, ಬೇಡ ಅಂದ್ರೆ ಹಾಗೇ ಬಿಡಿ. ಹೊಸಬರಿಗೆ ನಾನು ಹೇಳೋದು ಇದನ್ನೇ.

ನಮ್ಮ ಕಡೆ ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಸುಮಾರು ಪಾಯಿಂಟುಗಳಲ್ಲಿ ಟಂಗ್ ರೈಲು ಸ್ಟಾಕ್ ರೈಲಿಗೆ ತಾಗೋದ್ರಿಂದಲೇ ಮುಂದಕ್ಕೆ ಕರೆಂಟ್ ಹೋಗೋದು, ಜೂನಿಂದ ಆಗಸ್ಟ್‌ವರೆಗೆ ತೀರ್ಥಹಳ್ಳಿ, ಹೊಸನಗರ ಕಡೆಯ ಥಂಡಿಗೆ ಅಲ್ಲಿ ಕಿಲುಬು ಕೂತ್ರೆ ಆ ಭಾಗ ಸತ್ತ ಹಾಗೆ. ಹಾಗಾಗಿ ಆ ತಾಗೋ ಜಾಗ ನಂಬ್ಕೊಂಡು ಕೂರಬೇಡಿ, ಎಲೆಕ್ಟ್ರೋಫ್ರಾಗ್ ಆದ್ರೆ ಫ್ರಾಗಿಗೂ ಟಂಗ್ ರೈಲಿಗೂ ಒಂದು ಮೈಕ್ರೋಸ್ವಿಚ್ (ಪಾಯಿಂಟ್ ಜೊತೆಗೇ ಬದಲಾಗೋ ಪುಟ್ಟ ಕರೆಂಟ್ ಸ್ವಿಚ್) ಮೂಲಕ ಬೇರೆ ವೈರ್ ಎಳೀರಿ. ಸ್ಟೀಲ್ ಹಳಿ ತುಕ್ಕು ಹಿಡಿಯುತ್ತೆ, ಹಿತ್ತಾಳೆ ಕಪ್ಪಾಗುತ್ತೆ, ನಿಕಲ್ ಸಿಲ್ವರ್ ಸ್ವಲ್ಪ ಕಾಸ್ಟ್ಲಿ ಆದ್ರೂ ಅದನ್ನೇ ತಗೊಳ್ಳಿ. ಪ್ಲೈವುಡ್ಡಿಗೆ ಎರಡೂ ಕಡೆ ಪೈಂಟ್ ಹೊಡೀರಿ, ಇಲ್ಲಾಂದ್ರೆ ಅದು ಥಂಡಿ ಹೀರ್ಕೊಂಡು ಬಾಗುತ್ತೆ, ಬಾಗಿದ ಹಲಗೆ ಮೇಲಿನ ಪಾಯಿಂಟ್ ಎಂಥಾ ಒಳ್ಳೆ ಕಂಪನಿದಾದ್ರೂ ಟಂಗ್ ರೈಲು ಸರಿಯಾಗಿ ಮುಚ್ಚಲ್ಲ.

ಪಾಯಿಂಟ್ ಸರಿಸೋ ಮೋಟರ್ ವಿಷ್ಯ ಚಿಕ್ಕದಾಗಿ ಹೇಳ್ತೀನಿ. ಕೈಗೆ ಸಿಗೋ ದೂರದಲ್ಲಿದ್ರೆ ಮೋಟರ್ರೇ ಬೇಡ, ಪೆಕೋ ಪಾಯಿಂಟಲ್ಲಿ ಒಳಗೇ ಸ್ಪ್ರಿಂಗ್ ಇರುತ್ತೆ, ಬೆರಳಲ್ಲಿ ತಳ್ಳಿದ್ರೆ ಟಕ್ ಅಂತ ಕೂರುತ್ತೆ. ಕಾಯಿಲ್ ಮೋಟರ್ ಹಾಕೋದಾದ್ರೆ ಬಟನ್ ಒತ್ತಿ ತಕ್ಷಣ ಬಿಡ್ಬೇಕು, ಒತ್ತಿ ಹಿಡಿದ್ರೆ ಕಾಯಿಲ್ ಸುಟ್ಟೋಗುತ್ತೆ. ಡ್ರೋನ್, ರೋಬೋ ಅಂತ ಮಕ್ಕಳು ಆಟಕ್ಕೆ ತರ್ತಾರಲ್ಲ ಎಸ್‌ಜಿ90 ಸರ್ವೋ ಅನ್ನೋ ಪುಟ್ಟ ಮೋಟರ್, ಅದು ಅಗ್ಗ, 5 ವೋಲ್ಟ್ ಸಾಕು, ಆರ್ಡ್ವಿನೋ ಅನ್ನೋ ಸಣ್ಣ ಕಂಟ್ರೋಲ್ ಬೋರ್ಡಿಗೆ ಕನೆಕ್ಟ್ ಮಾಡಿದ್ರೆ ಟಂಗ್ ರೈಲು ನಿಜವಾದ ಪಾಯಿಂಟ್ ಥರ ನಿಧಾನಕ್ಕೆ ಸರಿಯುತ್ತೆ. ಸರ್ವೋ ಹಾಕೋರು ಪೆಕೋದ ಆ ಸ್ಪ್ರಿಂಗ್ ಮೊದ್ಲು ಕಿತ್ತುಬಿಡಿ, ಇಲ್ಲಾಂದ್ರೆ ಅದು ಟಕ್ ಅಂತಲೇ ಹೊಡ್ಕೊಳ್ಳೋದು.